ಗೇರು ಪೆಟ್ಟಿಗೆಯ ಬಗೆ ಮತ್ತು ಇಂಧನದ ಉಳಿತಾಯ

ಕೋಲಾರ, ಮಾಲೂರು, ಹೊಸಕೋಟೆ ಕಡೆಯ ರೈತರು ಬೆಳೆದ ಟೊಮ್ಯಾಟೊ, ಎಲೆಕೋಸು, ಹುರುಳಿಕಾಯಿ, ಸೊಪ್ಪು ಮತ್ತು ಹೂವುಗಳಲ್ಲಿ ದೊಡ್ಡ ಪಾಲು ಹಳೆ ಮದ್ರಾಸು ರಸ್ತೆಯ ಮೂಲಕ ಬೆಂಗಳೂರನ್ನು ಸೇರುತ್ತದೆ. ಕೃಷ್ಣರಾಜಪುರ, ಟಿನ್ ಫ್ಯಾಕ್ಟರಿ, ಇಂದಿರಾನಗರದ ಅಂಚು ಮತ್ತು ಹಲಸೂರನ್ನು ದಾಟಿದರೆ ದಂಡು ಪ್ರದೇಶದ ಶಿವಾಜಿನಗರ. ಅಲ್ಲಿ 1933ರಲ್ಲಿ ತೆರೆದ ರಸೆಲ್ ಮಾರುಕಟ್ಟೆ ಇಂದಿಗೂ ತರಕಾರಿ, ಹಣ್ಣು, ಹೂವುಗಳ ವ್ಯಾಪಾರಕ್ಕೆ ಹೆಸರಾಗಿದೆ. ಮಾರುಕಟ್ಟೆಯಲ್ಲಿ ದೊರೆಯುವ ಬೆಲೆ ರೈತನ ಕೈಯಲ್ಲಿಲ್ಲ. ಆದರೆ ಮಾಲನ್ನು ಅಲ್ಲಿಗೆ ಮುಟ್ಟಿಸಲು ಎಷ್ಟು ಡೀಸೆಲ್ ಸುಡಬೇಕು ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲೇ ಇದೆ.

ವಾಹನ ಕೊಳ್ಳುವಾಗ ನಮ್ಮ ರೈತರು ಸಾಮಾನ್ಯವಾಗಿ ಎಂಜಿನ್ನಿನ ಅಶ್ವಶಕ್ತಿ, ಹೊರುವ ತೂಕ ಮತ್ತು ಸಾಲದ ಕಂತು ಈ ಮೂರನ್ನು ವಿಚಾರಿಸುತ್ತಾರೆ. ಎಂಜಿನ್ನಿನಿಂದ ಗಾಲಿಗೆ ಶಕ್ತಿಯನ್ನು ಮುಟ್ಟಿಸುವ ಪ್ರಸರಣ ವ್ಯವಸ್ಥೆ, ಅಂದರೆ ಕ್ಲಚ್ಚು, ಗೇರು ಪೆಟ್ಟಿಗೆ ಮತ್ತು ಹಿಂದಿನ ಅಚ್ಚಿನ ಗೇರು, ಇವುಗಳ ಬಗೆ ಯಾವುದು ಎಂದು ಕೇಳುವವರು ಕಡಿಮೆ. ಇಂಧನದ ಖರ್ಚು ಮತ್ತು ವಾಹನದ ಎಳೆತ ಎರಡೂ ಇದನ್ನೇ ಹೆಚ್ಚಾಗಿ ಅವಲಂಬಿಸಿವೆ. ಈ ವಿಷಯವನ್ನು ರೈತ ಬಾಂಧವರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಗೇರು ಪೆಟ್ಟಿಗೆಯ ಕೆಲಸವೇನು?

ಗೇರು ಪೆಟ್ಟಿಗೆ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ನು ಕೊಟ್ಟ ಶಕ್ತಿಯನ್ನು ವೇಗವಾಗಿ ಬೇಕೋ, ಎಳೆತವಾಗಿ ಬೇಕೋ ನೋಡಿ ಬದಲಾಯಿಸಿಕೊಡುತ್ತದೆ. ವೇಗ ಕಡಿಮೆಯಾದಷ್ಟು ಎಳೆತ ಹೆಚ್ಚುತ್ತದೆ; ವೇಗ ಹೆಚ್ಚಿದಷ್ಟು ಎಳೆತ ಕಡಿಮೆಯಾಗುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ಸಣ್ಣ ಸರಕು ವಾಹನದ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಾ 10 ಕಿಲೋಗ್ರಾಂ-ಮೀಟರ್ ತಿರುಗು ಬಲ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಇದು ಸುಮಾರು 28 ಅಶ್ವಶಕ್ತಿ. ಮೊದಲನೆ ಗೇರಿನ ಪ್ರಮಾಣ 4ಕ್ಕೆ 1, ಹಿಂದಿನ ಅಚ್ಚಿನದು 5ಕ್ಕೆ 1 ಇದ್ದರೆ ಒಟ್ಟು 20ಕ್ಕೆ 1 ಆಯಿತು. ಆಗ ಗಾಲಿ ನಿಮಿಷಕ್ಕೆ 100 ಸುತ್ತು ತಿರುಗುತ್ತದೆ. ಗಾಲಿಗೆ ತಲಪುವ ತಿರುಗು ಬಲ ಸವೆತ ಬಿಟ್ಟು ಸುಮಾರು 200 ಕಿಲೋಗ್ರಾಂ-ಮೀಟರ್. ಮೇಲಿನ ಗೇರಿನಲ್ಲಿ ಪ್ರಮಾಣ 1ಕ್ಕೆ 1 ಇದ್ದರೆ ಒಟ್ಟು 5ಕ್ಕೆ 1 ಮಾತ್ರ. ಗಾಲಿ 400 ಸುತ್ತು ತಿರುಗುತ್ತದೆ, ಆದರೆ ತಿರುಗು ಬಲ ಸುಮಾರು 50ಕ್ಕೆ ಇಳಿಯುತ್ತದೆ. ಗಾಲಿಯ ಸುತ್ತಳತೆ 1.8 ಮೀಟರ್ ಇದ್ದರೆ ಮೊದಲನೆ ಗೇರಿನಲ್ಲಿ ಗಂಟೆಗೆ ಸುಮಾರು 11 ಕಿಲೋಮೀಟರ್, ಮೇಲಿನ ಗೇರಿನಲ್ಲಿ ಸುಮಾರು 43 ಕಿಲೋಮೀಟರ್ ವೇಗ ಬರುತ್ತದೆ. ಎಂಜಿನ್ನು ಎರಡು ಸಲವೂ ಅಷ್ಟೇ ಸುತ್ತು ತಿರುಗಿದೆ ಎಂಬುದನ್ನು ಗಮನಿಸಬೇಕು.

ಎಂಜಿನ್ನಿಗೂ ಒಂದು ನಡಿಗೆಯಿದೆ

ಉಳುವ ಎತ್ತಿಗೆ ತನ್ನದೇ ಆದ ಒಂದು ನಡಿಗೆ ಇರುವುದು ರೈತರಿಗೆಲ್ಲ ಗೊತ್ತು. ಅಳತೆ ಮೀರಿದ ಹೊರೆ ಹಾಕಿದರೆ ಅದು ಮುಗ್ಗರಿಸುತ್ತದೆ. ಹೊರೆಯಿಲ್ಲದೆ ಓಡಿಸಿದರೂ ದಣಿಯುತ್ತದೆ. ಎಂಜಿನ್ನೂ ಹಾಗೆಯೇ. ಸಾಮಾನ್ಯವಾಗಿ ನಡುಮಟ್ಟದ ವೇಗದಲ್ಲಿ, ತನ್ನ ಶಕ್ತಿಯ ಮುಕ್ಕಾಲು ಭಾಗದಷ್ಟು ಹೊರೆ ಹೊತ್ತು ನಡೆಯುವಾಗ ಅದು ಒಂದೊಂದು ತೊಟ್ಟು ಇಂಧನಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಒಳ್ಳೆಯ ಡೀಸೆಲ್ ಎಂಜಿನ್ನು ಇಂತಹ ಹೊರೆಯಲ್ಲಿ ಒಂದು ಅಶ್ವಶಕ್ತಿಯ ಒಂದು ಗಂಟೆಯ ಕೆಲಸಕ್ಕೆ ಸುಮಾರು 180ರಿಂದ 200 ಗ್ರಾಂ ಇಂಧನ ಬಳಸುತ್ತದೆ. ಅದೇ ಎಂಜಿನ್ನನ್ನು ಪೂರ್ತಿ ವೇಗದಲ್ಲಿ, ಆದರೆ ಐದರಲ್ಲಿ ಒಂದು ಪಾಲು ಹೊರೆಯಲ್ಲಿ ಓಡಿಸಿದರೆ ಅಷ್ಟೇ ಕೆಲಸಕ್ಕೆ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಂಧನ ಬೇಕಾಗುತ್ತದೆ. ಉಳಿದದ್ದು ಎಂಜಿನ್ನಿನ ಒಳಗಿನ ತಿಕ್ಕಾಟಕ್ಕೆ, ಗಾಳಿ ಎಳೆದು ಹೊರದೂಡುವುದಕ್ಕೆ ಹೋಗುತ್ತದೆ.

ಆದುದರಿಂದ ರಸ್ತೆ ಹೇಗೇ ಇರಲಿ, ಹೊರೆ ಎಷ್ಟೇ ಇರಲಿ, ಎಂಜಿನ್ನನ್ನು ಅದರ ಸರಿಯಾದ ನಡಿಗೆಯಲ್ಲಿ ಇಡುವುದೇ ಪ್ರಸರಣ ವ್ಯವಸ್ಥೆಯ ಮುಖ್ಯ ಕೆಲಸ. ಯಾವ ಬಗೆ ಉತ್ತಮ ಎಂಬ ಪ್ರಶ್ನೆಗೆ ಎರಡು ಅಳತೆಗಳಿವೆ. ಒಂದು, ಶಕ್ತಿಯನ್ನು ದಾಟಿಸುವಾಗ ಅದು ಎಷ್ಟನ್ನು ತಾನೇ ತಿನ್ನುತ್ತದೆ; ಎರಡು, ಎಂಜಿನ್ನನ್ನು ಸರಿಯಾದ ನಡಿಗೆಯಲ್ಲಿ ಎಷ್ಟು ಹೊತ್ತು ಇಡುತ್ತದೆ.

ಒಂದೇ ರಸ್ತೆಯಲ್ಲಿ ಎಲ್ಲ ಬಗೆಗಳು

ಪ್ರಸರಣ ವ್ಯವಸ್ಥೆಯ ಮುಖ್ಯ ಬಗೆಗಳೆಲ್ಲವನ್ನೂ ಕೋಲಾರದಿಂದ ಶಿವಾಜಿನಗರಕ್ಕೆ ಬರುವ ದಾರಿಯಲ್ಲೇ ಕಾಣಬಹುದು.

1. ಕೈಗೇರು: ಸಣ್ಣ ಸರಕು ವಾಹನ, ಲಾರಿ, ಟ್ರ್ಯಾಕ್ಟರು ಮತ್ತು ಶಿವಾಜಿನಗರದ ಎಂಜಿನ್ ಆಟೋಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಹಲ್ಲಿಗೆ ಹಲ್ಲು ಕೂಡಿ ತಿರುಗುವುದರಿಂದ ಜಾರುವಿಕೆ ಇಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಗೇರು ಪೆಟ್ಟಿಗೆ ತನಗೆ ಬಂದ ಶಕ್ತಿಯಲ್ಲಿ ಶೇಕಡ 95ರಷ್ಟನ್ನು ಅಥವಾ ಹೆಚ್ಚನ್ನು ಮುಂದಕ್ಕೆ ದಾಟಿಸುತ್ತದೆ. ಬೆಲೆ ಕಡಿಮೆ, ಹಳ್ಳಿಯಲ್ಲೂ ರಿಪೇರಿ ಸಾಧ್ಯ. ಆದರೆ ಯಾವ ಗೇರು ಯಾವಾಗ ಎಂಬುದು ಪೂರ್ತಿಯಾಗಿ ಚಾಲಕನ ಜಾಣ್ಮೆಯನ್ನು ಅವಲಂಬಿಸಿದೆ.

2. ಬೆಲ್ಟು ಮತ್ತು ಗೇರು ಕೂಡಿದ ಬಗೆ: ಕೃಷ್ಣರಾಜಪುರದ ಪಕ್ಕದ ಮಹದೇವಪುರದಲ್ಲಿ ನೆಲೆಗೊಂಡು ಬೆಳೆದ ವಿ.ಎಸ್.ಟಿ. ಟಿಲ್ಲರ್ಸ್ ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪ್ರಾರಂಭವಾಯಿತು. ಅದರ ಪವರ್ ಟಿಲ್ಲರುಗಳು ಭತ್ತದ ಗದ್ದೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿವೆ. ಇಲ್ಲಿ ಎಂಜಿನ್ನಿನಿಂದ ಕ್ಲಚ್ಚಿಗೆ ವಿ-ಬೆಲ್ಟುಗಳು ಶಕ್ತಿ ಒಯ್ಯುತ್ತವೆ, ಅಲ್ಲಿಂದ ಮುಂದೆ ಗೇರುಗಳು. ಬೆಲ್ಟು ಸಡಿಲವಾದರೆ ಜಾರಿ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ರೈತ ಕೊಂಡ ಡೀಸೆಲ್ಲೇ. ತಯಾರಕರ ಪುಸ್ತಕದಲ್ಲಿ ಹೇಳಿದ ಬಿಗಿಯನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಹಲವು ಬೆಲ್ಟುಗಳಲ್ಲಿ ಒಂದು ಸವೆದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸದು, ಹಳೆಯದು ಬೆರೆಸಿದರೆ ಹೊರೆ ಸಮನಾಗಿ ಹಂಚಿಹೋಗುವುದಿಲ್ಲ.

3. ತಾನೇ ಬದಲಾಗುವ ಬೆಲ್ಟು: ಕೋಲಾರದ ಬಳಿಯ ನರಸಾಪುರದಲ್ಲಿ 2013ರಲ್ಲಿ ಪ್ರಾರಂಭವಾದ ಹೋಂಡಾ ಕಾರ್ಖಾನೆಯಿಂದ ಹೊರಬರುವ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದು ಇದು. ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಬೆಲ್ಟು ಓಡುತ್ತದೆ; ವೇಗಕ್ಕೆ ತಕ್ಕಂತೆ ಪ್ರಮಾಣ ಮೆಟ್ಟಿಲಿಲ್ಲದೆ ಬದಲಾಗುತ್ತದೆ. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಇದನ್ನು ಜನಪ್ರಿಯಗೊಳಿಸಿತು. ಓಡಿಸಲು ಸುಲಭ. ಆದರೆ ಬೆಲ್ಟಿನ ತಿಕ್ಕಾಟದಿಂದ ಗೇರಿಗಿಂತ ಹೆಚ್ಚು ಶಕ್ತಿ ಕಳೆಯುತ್ತದೆ. ಸುಮಾರು ಅಷ್ಟೇ ಗಾತ್ರದ ಎಂಜಿನ್ನಿನ ಗೇರು ಮೋಟಾರು ಸೈಕಲ್ಲು ಸ್ಕೂಟರಿಗಿಂತ ಒಂದು ಲೀಟರಿಗೆ ಹೆಚ್ಚು ದೂರ ಓಡಲು ಇದು ಒಂದು ಕಾರಣ. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಮತ್ತು ಅದರ ಪೀಳಿಗೆಯ ಎಕ್ಸ್‌ಎಲ್ ಮೊಪೆಡ್ಡುಗಳಲ್ಲಿ ಒಂದೇ ಗೇರು ಇದೆ. ಹಗುರ ವಾಹನ, ನಿಧಾನ ಓಟ, ಹಾಲಿನ ಕ್ಯಾನು ಅಥವಾ ಹುಲ್ಲಿನ ಹೊರೆ ಇಂತಹ ಕೆಲಸಕ್ಕೆ ಅಷ್ಟೇ ಸಾಕು.

4. ದ್ರವ ತುಂಬಿದ ಸ್ವಯಂಚಾಲಿತ ಗೇರು: ಇದರಲ್ಲಿ ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ನು ಒಂದು ಚಕ್ರದಿಂದ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಹೊರಡುವಾಗ ಎಳೆತ ಬಹಳ ಚೆನ್ನಾಗಿರುತ್ತದೆ, ಎಂಜಿನ್ನು ನಿಂತುಹೋಗುವುದಿಲ್ಲ. ಆದರೆ ನಿಂತು ನಿಂತು ಹೊರಡುವಾಗ ಎಣ್ಣೆಯ ಜಾರುವಿಕೆಯಲ್ಲಿ ಶಕ್ತಿ ಪೋಲಾಗುತ್ತದೆ. ಮೂರು ನಾಲ್ಕು ಗೇರುಗಳಷ್ಟೇ ಇದ್ದ ಹಳೆಯ ಸ್ವಯಂಚಾಲಿತ ವಾಹನಗಳು ಹೆಚ್ಚು ಇಂಧನ ಕುಡಿಯುತ್ತವೆ ಎಂಬ ಹೆಸರು ಪಡೆದದ್ದು ಇದರಿಂದಲೇ. ಈಚಿನವುಗಳಲ್ಲಿ ಗೇರುಗಳು ಹೆಚ್ಚಾಗಿವೆ. ವೇಗ ಬಂದ ಕೂಡಲೆ ಎರಡು ಚಕ್ರಗಳನ್ನು ಬೆಸೆಯುವ ಬೀಗವೂ ಇದೆ. ಆದ್ದರಿಂದ ಅಂತರ ಬಹಳ ಕಡಿಮೆಯಾಗಿದೆ.

ಬೆಂಗಳೂರಿನ ನಗರ ಸಾರಿಗೆಯ ವೋಲ್ವೋ ಬಸ್ಸುಗಳಲ್ಲಿ ಇಂತಹ ಸ್ವಯಂಚಾಲಿತ ಗೇರು ಇದೆ. ಇವು ಸಾಮಾನ್ಯ ಬಸ್ಸಿಗಿಂತ ಲೀಟರಿಗೆ ಬಹಳ ಕಡಿಮೆ ದೂರ ಓಡುತ್ತವೆ. ಆದರೆ ಆ ತಪ್ಪನ್ನೆಲ್ಲ ಗೇರಿನ ಮೇಲೆ ಹೊರಿಸಬಾರದು. ಬಸ್ಸಿನ ತೂಕ, ದೊಡ್ಡ ಎಂಜಿನ್ನು ಮತ್ತು ಹವಾನಿಯಂತ್ರಣ ಯಂತ್ರ ಇವೂ ತಮ್ಮ ಪಾಲು ಡೀಸೆಲ್ ತೆಗೆದುಕೊಳ್ಳುತ್ತವೆ. ಎರಡು ವಾಹನಗಳನ್ನು ಹೋಲಿಸುವಾಗ ಒಂದೇ ಕಾರಣ ಹಿಡಿದು ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

5. ಯಂತ್ರವೇ ಬದಲಾಯಿಸುವ ಕೈಗೇರು: ಗೇರು ಪೆಟ್ಟಿಗೆ ಹಳೆಯ ಕೈಗೇರಿನದೇ, ಕ್ಲಚ್ಚು ಒತ್ತುವ, ಗೇರು ಹಾಕುವ ಕೆಲಸವನ್ನು ಮಾತ್ರ ಸಣ್ಣ ಮೋಟಾರು ಅಥವಾ ಗಾಳಿಯ ಒತ್ತಡ ಮಾಡುತ್ತದೆ. ಇದನ್ನು ಎಎಂಟಿ ಎನ್ನುವರು. ಎಣ್ಣೆಯ ಜಾರುವಿಕೆ ಇಲ್ಲದ್ದರಿಂದ ಇಂಧನದ ಖರ್ಚು ಕೈಗೇರಿನಷ್ಟೇ. ಭಾರತದಲ್ಲಿ 2014ರಲ್ಲಿ ಬಂದ ಮಾರುತಿ ಸೆಲೆರಿಯೊ ಕಾರಿನ ಕೈಗೇರು ಮತ್ತು ಎಎಂಟಿ ಮಾದರಿಗಳೆರಡಕ್ಕೂ ಅಧಿಕೃತ ಪರೀಕ್ಷೆಯಲ್ಲಿ ಒಂದೇ ಅಂಕ ಬಂದಿತು: ಲೀಟರಿಗೆ 23.1 ಕಿಲೋಮೀಟರ್. ಹೊಸಕೋಟೆಯ ಬಳಿ 1998ರಲ್ಲಿ ಪ್ರಾರಂಭವಾದ ಕಾರ್ಖಾನೆಯ ವೋಲ್ವೋ ಲಾರಿಗಳಲ್ಲೂ ಈ ಬಗೆಯ ಗೇರು ಬಂದಿದೆ. ಚಾಲಕರು ಬದಲಾಗುತ್ತಿರುವ ಕಡೆ ಇದು ಹೆಚ್ಚು ಉಪಯುಕ್ತ, ಏಕೆಂದರೆ ಕಲಿಯದ ಕೈ ಮಾಡುವ ನಷ್ಟವನ್ನು ಇದು ತಡೆಯುತ್ತದೆ. ಗೇರು ಬದಲಾಗುವಾಗ ಸ್ವಲ್ಪ ತಡವರಿಸುವುದು ಇದರ ಕೊರತೆ.

6. ವಿದ್ಯುತ್ ಪ್ರಸರಣ: ಕೃಷ್ಣರಾಜಪುರದ ಡೀಸೆಲ್ ಲೋಕೋ ಶೆಡ್ಡಿನ ರೈಲು ಎಂಜಿನ್ನುಗಳಲ್ಲಿ ಡೀಸೆಲ್ ಎಂಜಿನ್ನು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುತ್ ಉತ್ಪಾದಿಸುತ್ತದೆ, ಅಚ್ಚಿನ ಮೇಲಿನ ಮೋಟಾರುಗಳು ಗಾಲಿ ತಿರುಗಿಸುತ್ತವೆ. ಸಾವಿರಾರು ಟನ್ ತೂಕದ ರೈಲನ್ನು ನಿಂತಲ್ಲಿಂದ ಎಳೆಯಲು ಕ್ಲಚ್ಚು ತಾಳುವುದಿಲ್ಲವಾದ್ದರಿಂದ ಈ ಏರ್ಪಾಡು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಪ್ರಾರಂಭವಾದ ಮೆಟ್ರೋ ಇಂದಿರಾನಗರ, ಹಲಸೂರುಗಳ ಮೇಲೆ ಸಾಗುವುದೂ ವಿದ್ಯುತ್ ಮೋಟಾರಿನಿಂದಲೇ. ವಿದ್ಯುತ್ ಮೋಟಾರು ನಿಂತ ಸ್ಥಿತಿಯಲ್ಲೇ ಪೂರ್ತಿ ಎಳೆತ ಕೊಡುತ್ತದೆ. ಆದುದರಿಂದ ಹಲವು ಗೇರುಗಳ ಅಗತ್ಯವಿಲ್ಲ, ವೇಗ ತಗ್ಗಿಸುವ ಒಂದು ಗೇರು ಸಾಕು. ನಿಂತಾಗ ಸುಮ್ಮನೆ ತಿರುಗುವುದಿಲ್ಲ, ಬ್ರೇಕು ಹಾಕುವಾಗ ಸ್ವಲ್ಪ ವಿದ್ಯುತ್ತನ್ನು ಹಿಂದಕ್ಕೂ ಪಡೆಯುತ್ತದೆ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಈ ಬಗೆಯದು. ಈಗ ಮೂರು ಗಾಲಿಯ ಮತ್ತು ನಾಲ್ಕು ಗಾಲಿಯ ಸಣ್ಣ ಸರಕು ವಾಹನಗಳೂ ದೊರೆಯುತ್ತಿವೆ.

ದಾರಿ ಒಂದು, ಕೆಲಸ ಎರಡು

ಮೇಲೆ ಹೇಳಿದ ಬಗೆಗಳಲ್ಲಿ ಯಾವುದೂ ಎಲ್ಲ ಕಡೆಗೂ ಉತ್ತಮವಲ್ಲ. ಕೋಲಾರದಿಂದ ಹೊಸಕೋಟೆ ದಾಟುವವರೆಗೆ ರಸ್ತೆ ವಿಶಾಲವಾಗಿದೆ, ವಾಹನ ಒಂದೇ ವೇಗದಲ್ಲಿ ಓಡುತ್ತದೆ. ಇಲ್ಲಿ ಕೈಗೇರಿನ ಅಥವಾ ಎಎಂಟಿ ಡೀಸೆಲ್ ವಾಹನ ತನ್ನ ಮೇಲಿನ ಗೇರಿನಲ್ಲಿ ಹೆಚ್ಚು ಹೊತ್ತು ಇರುವುದರಿಂದ ಇಂಧನ ಉಳಿಯುತ್ತದೆ. ಕೃಷ್ಣರಾಜಪುರದಿಂದ ಮುಂದೆ ಪರಿಸ್ಥಿತಿ ಬೇರೆ. ಅಲ್ಲಿ ರೈಲು ಹಳಿಯ ಮೇಲೆ ತೂಗು ಸೇತುವೆ ಬಂದು ಇಪ್ಪತ್ತು ವರ್ಷ ಮೀರಿದ್ದರೂ ಟಿನ್ ಫ್ಯಾಕ್ಟರಿ ಬಳಿಯ ದಟ್ಟಣೆ ತಗ್ಗಿಲ್ಲ. ಹಲಸೂರಿನವರೆಗೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಒಂದು, ಎರಡು, ಮತ್ತೆ ಒಂದು ಎಂದು ಗೇರು ಬದಲಾಯಿಸುತ್ತಲೇ ಇರಬೇಕಾಗುತ್ತದೆ. ಇಲ್ಲಿ ವಿದ್ಯುತ್ ವಾಹನಕ್ಕೆ ಮೇಲುಗೈ.

ಆದುದರಿಂದ ಹೊಸಕೋಟೆ, ಕೃಷ್ಣರಾಜಪುರ ಸುತ್ತಿನ ರೈತರು ಸೊಪ್ಪು, ಹೂವಿನಂತಹ ಹಗುರ ಮಾಲನ್ನು ದಿನವೂ ಹೋಗಿಬರುವ ದಾರಿ 60 ಕಿಲೋಮೀಟರಿನೊಳಗೆ ಇದ್ದರೆ ವಿದ್ಯುತ್ ವಾಹನದ ವಿಚಾರ ಮಾಡಬಹುದು. ತಯಾರಕರು ಹೇಳುವ ದೂರ ಪೂರ್ತಿ ಹೊರೆಯಲ್ಲಿ ಬರುವುದಿಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟು, ಅದರ ಮೂರರಲ್ಲಿ ಎರಡು ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಕೋಲಾರದ ಆಚೆಯಿಂದ ಭಾರವಾದ ಟೊಮ್ಯಾಟೊ ಕ್ರೇಟುಗಳನ್ನು ತರುವವರಿಗೆ ಸದ್ಯಕ್ಕೆ ಕೈಗೇರಿನ ಡೀಸೆಲ್ ವಾಹನವೇ ಹೆಚ್ಚು ಸೂಕ್ತ. ಅಂಥವರು ದಟ್ಟಣೆ ಹತ್ತುವ ಮುನ್ನ, ಬೆಳಗಿನ ಜಾವವೇ ಟಿನ್ ಫ್ಯಾಕ್ಟರಿಯನ್ನು ದಾಟುವಂತೆ ಹೊರಡುವುದು ಯಾವ ಗೇರು ಪೆಟ್ಟಿಗೆಯೂ ಕೊಡದ ಉಳಿತಾಯವನ್ನು ಕೊಡುತ್ತದೆ.

ಚಾಲನೆಯಲ್ಲಿ ಎಚ್ಚರಿಕೆ

ಕೈಗೇರಿನ ವಾಹನದಲ್ಲಿ ಈ ಕೆಳಗಿನ ತಪ್ಪುಗಳು ಸಾಮಾನ್ಯ.

ಅ) ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು: ಕ್ಲಚ್ಚು ಅರ್ಧ ಜಾರುತ್ತಾ ತಿರುಗುತ್ತದೆ. ಇಂಧನ ಪೋಲಾಗುವುದಲ್ಲದೆ ಕ್ಲಚ್ ಪ್ಲೇಟು ಬೇಗ ಸುಟ್ಟುಹೋಗುತ್ತದೆ. ಏರಿನಲ್ಲಿ ನಿಂತಾಗ ಅರೆ ಕ್ಲಚ್ಚಿನಲ್ಲಿ ವಾಹನ ಹಿಡಿಯದೆ ಕೈ ಬ್ರೇಕು ಬಳಸಬೇಕು.

ಆ) ಹೊರೆ ಇದ್ದಾಗಲೂ ಮೇಲಿನ ಗೇರಿನಲ್ಲೇ ಎಳೆಸುವುದು: ಮೇಲಿನ ಗೇರಿನಲ್ಲಿ ಉಳಿತಾಯ ಎಂಬುದು ಎಂಜಿನ್ನು ಸರಾಗವಾಗಿ ಎಳೆಯುವವರೆಗೆ ಮಾತ್ರ ನಿಜ. ಎಂಜಿನ್ನು ನಡುಗಿದರೆ, ಕಪ್ಪು ಹೊಗೆ ಬಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲವೆಂದು ತಿಳಿದು ಒಂದು ಗೇರು ಇಳಿಸಬೇಕು.

ಇ) ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವುದು: ಇದರಿಂದ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಸರಿಯಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಧನ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಳ್ಳಲು ಇಂಧನ ಬಳಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬೀಳುತ್ತದೆ. ತುಂಬಿದ ಟ್ರೈಲರ್ ಹಿಂದಿನಿಂದ ನೂಕುವಾಗ ಟ್ರ್ಯಾಕ್ಟರನ್ನು ನ್ಯೂಟ್ರಲ್ಲಿಗೆ ತಂದರೆ ಪ್ರಾಣಕ್ಕೇ ಅಪಾಯ. ಇಳಿಜಾರನ್ನು ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕು. ರಸ್ತೆಯ ಮೇಲೆ ಟ್ರ್ಯಾಕ್ಟರಿನ ಎಡ ಬಲ ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿರಬೇಕು.

ಈ) ಎಂಜಿನ್ನನ್ನು ಸುಮ್ಮನೆ ಓಡಲು ಬಿಡುವುದು: ಸಣ್ಣ ಡೀಸೆಲ್ ಸರಕು ವಾಹನ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು ಅರ್ಧ ಲೀಟರು ಡೀಸೆಲ್ ಉರಿಯುತ್ತದೆ. ಮಾರುಕಟ್ಟೆಯಲ್ಲಿ ಮಾಲು ಇಳಿಸುವಾಗ ಎಂಜಿನ್ನನ್ನು ನಿಲ್ಲಿಸಬೇಕು.

ಹೊಲದಲ್ಲಿ ಟ್ರ್ಯಾಕ್ಟರು

ಇದೇ ಪಾಠ ಹೊಲಕ್ಕೂ ಅನ್ವಯಿಸುತ್ತದೆ. ಕುಂಟೆ, ಬಿತ್ತನೆ, ಹಗುರ ಕಲ್ಟಿವೇಟರು ಇಂತಹ ಕೆಲಸಕ್ಕೆ ಟ್ರ್ಯಾಕ್ಟರಿನ ಪೂರ್ತಿ ಶಕ್ತಿ ಬೇಕಾಗುವುದಿಲ್ಲ. ಹಾಗಿದ್ದರೂ ಚಾಲಕರು ಕೆಳಗಿನ ಗೇರಿನಲ್ಲಿ ಥ್ರಾಟಲನ್ನು ಪೂರ್ತಿ ತೆರೆದು ಓಡಿಸುವುದನ್ನು ನೋಡುತ್ತೇವೆ. ಇದರ ಬದಲು ಒಂದು ಗೇರು ಮೇಲಕ್ಕೆ ಹಾಕಿ, ಥ್ರಾಟಲನ್ನು ಇಳಿಸಿ, ಮೊದಲಿನ ವೇಗದಲ್ಲೇ ನಡೆಸಬೇಕು. ಹಗುರ ಕೆಲಸದಲ್ಲಿ ಇದರಿಂದ ಶೇಕಡ 15ರಿಂದ 20ರಷ್ಟು ಡೀಸೆಲ್ ಉಳಿಸಲು ಸಾಧ್ಯ.

ಹೊರೆ ಹೆಚ್ಚಾಯಿತೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಕೆಲಸ ನಡೆಯುತ್ತಿರುವಾಗಲೇ ಥ್ರಾಟಲನ್ನು ಒಮ್ಮೆ ತೆರೆಯಿರಿ. ಎಂಜಿನ್ನಿನ ವೇಗ ಕೂಡಲೆ ಏರಿದರೆ ಗೇರು ಸರಿಯಾಗಿದೆ. ಏರದೆ ಕಪ್ಪು ಹೊಗೆ ಉಗುಳಿದರೆ ಒಂದು ಗೇರು ಕೆಳಕ್ಕೆ ಇಳಿಸಿ. ಆಳವಾದ ಉಳುಮೆಗೆ ಈ ವಿಧಾನ ಸಲ್ಲದು. ರೊಟವೇಟರು, ಒಕ್ಕಣೆ ಯಂತ್ರ, ಸಿಂಪರಣೆ ಯಂತ್ರಗಳಿಗೆ ಪಿ.ಟಿ.ಓ. ಅಚ್ಚು ನಿಗದಿಯಾದ ವೇಗದಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ತಿರುಗಲೇಬೇಕು. ಅಲ್ಲಿ ಥ್ರಾಟಲ್ ಇಳಿಸಿದರೆ ಕೆಲಸ ಕೆಡುತ್ತದೆ.

ಬಾಡಿಗೆಗೆ ಬರುವ ಭತ್ತದ ಕಟಾವು ಯಂತ್ರಗಳಲ್ಲಿ ಬಹಳಷ್ಟಕ್ಕೆ ದ್ರವದ ಒತ್ತಡದಿಂದ ನಡೆಯುವ ಪ್ರಸರಣ ವ್ಯವಸ್ಥೆ ಇದೆ. ಗೇರಿಗಿಂತ ಇದರಲ್ಲಿ ಶಕ್ತಿಯ ನಷ್ಟ ಹೆಚ್ಚು. ಆದರೂ ಬೆಳೆಯ ದಟ್ಟಣೆಗೆ ತಕ್ಕಂತೆ ಕ್ಷಣ ಕ್ಷಣಕ್ಕೂ ವೇಗ ಬದಲಾಯಿಸಲು ಇದೇ ಸೂಕ್ತ. ನಿಧಾನವಾಗಿ, ಕಾಳು ಚೆಲ್ಲದೆ ಕೊಯ್ಯುವುದರಿಂದ ಉಳಿಯುವ ಭತ್ತ ಹೆಚ್ಚು ಸುಟ್ಟ ಡೀಸೆಲ್ಲಿಗೆ ಸಮನಾಗಬಲ್ಲದು. ಇಂಧನವೊಂದನ್ನೇ ನೋಡಿ ಯಂತ್ರದ ಬೆಲೆ ಕಟ್ಟಬಾರದು.

ಹಳೆಯ ಬಿಡಿಭಾಗ ಕೊಳ್ಳುವಾಗ

ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಗೇರು ಪೆಟ್ಟಿಗೆ ಅಥವಾ ಹಿಂದಿನ ಅಚ್ಚಿನ ಕ್ರೌನ್ ಮತ್ತು ಪಿನಿಯನ್ ಕೊಳ್ಳುವವರು ಗಾತ್ರ ಸರಿಹೊಂದಿದರೆ ಸಾಕೆಂದು ಭಾವಿಸಬಾರದು, ಹಲ್ಲುಗಳನ್ನು ಎಣಿಸಬೇಕು. ದೊಡ್ಡ ಗೇರಿನಲ್ಲಿ 41, ಚಿಕ್ಕದರಲ್ಲಿ 7 ಹಲ್ಲು ಇದ್ದರೆ ಪ್ರಮಾಣ 5.86. ಚಿಕ್ಕದರಲ್ಲಿ 6 ಇದ್ದರೆ 6.83. ನೋಡಲು ಒಂದು ಹಲ್ಲಿನ ವ್ಯತ್ಯಾಸ. ಆದರೆ ಅಷ್ಟೇ ವೇಗಕ್ಕೆ ಎಂಜಿನ್ನು ಶೇಕಡ 17ರಷ್ಟು ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಎಳೆತ ಹೆಚ್ಚುತ್ತದೆ ನಿಜ, ಹೆದ್ದಾರಿಯಲ್ಲಿ ಡೀಸೆಲ್ಲೂ ಹೆಚ್ಚುತ್ತದೆ. ಬೇರೆ ಅಳತೆಯ ಟೈರು ಹಾಕಿಸಿದರೂ ಇದೇ ರೀತಿ ಒಟ್ಟು ಪ್ರಮಾಣ ಬದಲಾಗುತ್ತದೆ. ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಇರಬೇಕು. ಗೇರು ಪೆಟ್ಟಿಗೆಗೆ ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ, ಹೇಳಿದ ಮಟ್ಟಕ್ಕೆ ಹಾಕಬೇಕು. ಅತಿ ಗಟ್ಟಿ ಎಣ್ಣೆ ಕಡೆದಷ್ಟೂ ಶಕ್ತಿ ತಿನ್ನುತ್ತದೆ.

ಲೆಕ್ಕ ಇಡುವ ಕ್ರಮ

ತಮ್ಮ ವಾಹನ ಎಷ್ಟು ಕೊಡುತ್ತದೆ ಎಂಬುದನ್ನು ಊಹೆಯಿಂದ ಹೇಳದೆ ಅಳೆಯಬೇಕು. ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮಾರುಕಟ್ಟೆಗೆ ನಾಲ್ಕೈದು ಸಲ ಹೋಗಿಬಂದ ಮೇಲೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆ ಸಲ ಹಾಕಿದ ಲೀಟರಿನಿಂದ ಭಾಗಿಸಿ. ಟ್ರ್ಯಾಕ್ಟರಿಗಾದರೆ ಎಕರೆಗೆ ಎಷ್ಟು ಲೀಟರು ಎಂದು ಲೆಕ್ಕ ಹಾಕುವುದು ಸರಿ. ಕೆಲವು ಟ್ರ್ಯಾಕ್ಟರುಗಳ ಗಂಟೆ ಮಾಪಕ ಎಂಜಿನ್ನಿನ ಸುತ್ತಿಗೆ ಹೊಂದಿಕೊಂಡಿರುತ್ತದೆ. ಥ್ರಾಟಲ್ ಇಳಿಸಿದಾಗ ಅದು ನಿಧಾನವಾಗಿ ಓಡುತ್ತದೆ. ಆದ್ದರಿಂದ ಕೈಗಡಿಯಾರದ ಸಮಯವನ್ನೂ ಬರೆಯಬೇಕು.

ಇದರಿಂದ ಆಗುವ ಉಳಿತಾಯ ಸಣ್ಣದೇನಲ್ಲ. ಹೊಸಕೋಟೆ ಕಡೆಯಿಂದ ಶಿವಾಜಿನಗರಕ್ಕೆ ಹೋಗಿಬರಲು 60 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಲೀಟರಿಗೆ 10 ಕಿಲೋಮೀಟರ್ ಓಡುವ ವಾಹನಕ್ಕೆ 6 ಲೀಟರು ಬೇಕು. ಸರಿಯಾದ ಗೇರು ಬಳಕೆಯಿಂದ ಇದು 12ಕ್ಕೆ ಏರಿದರೆ 5 ಲೀಟರು ಸಾಕು. ವರ್ಷಕ್ಕೆ 200 ಸಲ ಹೋದರೆ 200 ಲೀಟರು ಉಳಿಯಿತು. ಲೀಟರಿಗೆ 90 ರೂಪಾಯಿಯಂತೆ 18,000 ರೂಪಾಯಿ. ಟೊಮ್ಯಾಟೊ ಬೆಲೆ ಕುಸಿದು ಸಾಗಣೆಯ ಖರ್ಚೂ ಹುಟ್ಟದ ದಿನಗಳನ್ನು ಕಂಡ ರೈತರಿಗೆ ಈ ಹಣದ ಬೆಲೆಯನ್ನು ವಿವರಿಸಬೇಕಾಗಿಲ್ಲ. ವಿಸ್ತರಣಾ ಕಾರ್ಯಕರ್ತರು ಇದನ್ನೇ ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆಯಾಗಿ ನಡೆಸಬಹುದು. ಒಂದೇ ಟ್ರ್ಯಾಕ್ಟರು, ಒಂದೇ ಹೊಲ, ಒಂದೇ ಕುಂಟೆ. ಅರ್ಧ ಎಕರೆ ಕೆಳಗಿನ ಗೇರಿನಲ್ಲಿ, ಅರ್ಧ ಎಕರೆ ಮೇಲಿನ ಗೇರಿನಲ್ಲಿ ಮಾಡಿಸಿ, ಪ್ರತಿಸಲವೂ ಟ್ಯಾಂಕು ತುಂಬಲು ಬೇಕಾದ ಡೀಸೆಲ್ಲನ್ನು ಅಳತೆಯ ಪಾತ್ರೆಯಿಂದ ಅಳೆದು ತೋರಿಸಬೇಕು. ಕಣ್ಣಾರೆ ಕಂಡದ್ದನ್ನು ಚಾಲಕರು ಮರೆಯುವುದಿಲ್ಲ.

ಕೊಳ್ಳುವ ಮುನ್ನ

ಟ್ರ್ಯಾಕ್ಟರು ಕೊಳ್ಳುವವರು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ಪರೀಕ್ಷಾ ಸಂಸ್ಥೆಯ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಬೇರೆ ಬೇರೆ ಗೇರುಗಳಲ್ಲಿ ಎಳೆತ ಎಷ್ಟು, ಇಂಧನ ಎಷ್ಟು ಎಂಬುದು ಅದರಲ್ಲಿ ಸಿಗುತ್ತದೆ. ಪಿ.ಟಿ.ಓ. ಅಶ್ವಶಕ್ತಿಯೊಂದಿಗೆ ಇದನ್ನೂ ಹೋಲಿಸಿ ನೋಡಬೇಕು. ನಿಮ್ಮ ಜಮೀನಿನ ಹೆಚ್ಚಿನ ಕೆಲಸ ಗಂಟೆಗೆ 3ರಿಂದ 7 ಕಿಲೋಮೀಟರ್ ವೇಗದಲ್ಲಿ ನಡೆಯುತ್ತದೆ. ಈ ವೇಗಕ್ಕೆ ಮೂರು ನಾಲ್ಕು ಗೇರುಗಳಾದರೂ ಇರುವ ಟ್ರ್ಯಾಕ್ಟರನ್ನು ಆರಿಸಿ. ಸರಕು ವಾಹನವಾದರೆ ಖಾಲಿ ವಾಹನವನ್ನಲ್ಲ, ನಿಮ್ಮ ಮಾಲಿನಷ್ಟೇ ತೂಕ ಹಾಕಿ, ನಿಮ್ಮದೇ ದಾರಿಯಲ್ಲಿ ಓಡಿಸಿ ನೋಡಿ.

ನೆನಪಿಡಬೇಕಾದ ಅಂಶಗಳು

1. ಗೇರು ಪೆಟ್ಟಿಗೆಯನ್ನು ಕೆಲಸಕ್ಕೆ ತಕ್ಕಂತೆ ಆರಿಸಿ: ದೂರದ ದಾರಿ, ಭಾರದ ಹೊರೆಗೆ ಕೈಗೇರು ಅಥವಾ ಎಎಂಟಿ, ಹತ್ತಿರದ ನಗರದ ಓಡಾಟಕ್ಕೆ ವಿದ್ಯುತ್ ವಾಹನ.

2. ಹಗುರ ಕೆಲಸಕ್ಕೆ ಗೇರು ಮೇಲೆ, ಥ್ರಾಟಲ್ ಕೆಳಗೆ. ಕಪ್ಪು ಹೊಗೆ ಕಂಡರೆ ಗೇರು ಇಳಿಸಿ.

3. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಕ್ಲಚ್ಚಿನ ಮೇಲೆ ಕಾಲು ಬೇಡ.

4. ಹಳೆಯ ಗೇರು ಕೊಳ್ಳುವಾಗ ಹಲ್ಲು ಎಣಿಸಿ.

5. ತಿಂಗಳಿಗೊಮ್ಮೆಯಾದರೂ ಲೀಟರಿನ ಲೆಕ್ಕ ಬರೆದಿಡಿ. ಲೆಕ್ಕ ಇದ್ದಕ್ಕಿದ್ದಂತೆ ಇಳಿದರೆ ಕ್ಲಚ್ಚು, ಬ್ರೇಕು, ಟೈರಿನ ಗಾಳಿ ಇವನ್ನು ಪರೀಕ್ಷಿಸಿ.

ಹೆಚ್ಚಿನ ವಿವರಗಳಿಗೆ ರೈತರು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿ ಮೇಳದಲ್ಲಿ ಹಲವು ತಯಾರಕರ ಯಂತ್ರಗಳು ಒಂದೇ ಕಡೆ ನೋಡಲು ಸಿಗುತ್ತವೆ. ಅಲ್ಲಿಗೆ ಹೋದಾಗ ಅಶ್ವಶಕ್ತಿ ಎಷ್ಟು ಎಂದು ಕೇಳಿದ ಮೇಲೆ, ಆ ಶಕ್ತಿ ಗಾಲಿಗೆ ಹೇಗೆ ತಲಪುತ್ತದೆ ಎಂಬ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಬೇಕು.